ಗುರಿ ಮುಟ್ಟಿದ್ದೂ ನಿಜ, ಹೊಗೆ ಹೆಚ್ಚಿದ್ದೂ ನಿಜ

ಪ್ರಶ್ನೆ: ನಾನು ಉತ್ತರ ಕನ್ನಡದ ಶಿರಸಿ ತಾಲ್ಲೂಕಿನ ಅಡಿಕೆ ಬೆಳೆಗಾರ. ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಭಾಗ ಈಗ ಕಲ್ಲಿದ್ದಲು, ಗ್ಯಾಸ್ ಬಿಟ್ಟು ಬೇರೆ ಮೂಲಗಳದ್ದು, ಹವಾಮಾನದ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿದ್ದೇವೆ ಎಂದು ಕೇಂದ್ರ ಸರ್ಕಾರ ಹೇಳುತ್ತಿದೆ. ಅತ್ತ ಕಲ್ಲಿದ್ದಲು ಉತ್ಪಾದನೆಯಲ್ಲೂ ದಾಖಲೆ ಅನ್ನುತ್ತಾರೆ. ಎರಡೂ ಒಟ್ಟಿಗೆ ಹೇಗೆ ಸಾಧ್ಯ? ನಮ್ಮ ಜಿಲ್ಲೆಯ ಕಾಡು ದೇಶದ ಲೆಕ್ಕಕ್ಕೆ ಬರುತ್ತದಾ? ಬರುವುದಾದರೆ ಶರಾವತಿ ಕಣಿವೆಯಲ್ಲಿ ಕಾಡು ಕಡಿದು ಯೋಜನೆ ಮಾಡುವುದು ಯಾವ ಸೀಮೆಯ ಹವಾಮಾನ ರಕ್ಷಣೆ? ಕೊನೆಯದಾಗಿ, ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟಕ್ಕೆ ಕಾರ್ಬನ್ ಕ್ರೆಡಿಟ್ ಕೊಡಿಸುತ್ತೇವೆ ಎಂದು ಒಬ್ಬರು ಕರಾರು ಪತ್ರ ಹಿಡಿದು ಬಂದಿದ್ದರು. ಸಹಿ ಹಾಕಬಹುದಾ?

ಉತ್ತರ: ಮೊದಲ ಪ್ರಶ್ನೆಯಿಂದಲೇ ಶುರು ಮಾಡೋಣ. ಉಳಿದ ಮೂರಕ್ಕೂ ಬೇರು ಅಲ್ಲೇ ಇದೆ.

ಭಾರತ ಜಗತ್ತಿಗೆ ಕೊಟ್ಟ ಮಾತು "ಇಷ್ಟು ಟನ್ ಹೊಗೆ ಕಡಿಮೆ ಮಾಡುತ್ತೇವೆ" ಎಂಬುದಲ್ಲ. (ಹೊಗೆ ಅಂದರೆ ಇಲ್ಲಿ ಭೂಮಿಯನ್ನು ಬಿಸಿ ಮಾಡುವ ಇಂಗಾಲದ ಡೈಆಕ್ಸೈಡಿನಂಥ ಅನಿಲಗಳು.) ಪ್ಯಾರಿಸ್ ಒಪ್ಪಂದಕ್ಕೆ ಮುಂಚೆ, 2015ರಲ್ಲಿ, ನಾವು ಮುಖ್ಯವಾಗಿ ಮೂರು ಅಂಕಿ ಕೊಟ್ಟೆವು. ದೇಶದ ಆದಾಯದ ಪ್ರತಿ ರೂಪಾಯಿಗೆ ಬಿಡುವ ಹೊಗೆಯನ್ನು 2005ಕ್ಕೆ ಹೋಲಿಸಿ 2030ರೊಳಗೆ ಶೇ 33ರಿಂದ 35ರಷ್ಟು ಇಳಿಸುವುದು ಒಂದು. ವಿದ್ಯುತ್ ಸಾಮರ್ಥ್ಯದಲ್ಲಿ ಶೇ 40 ಭಾಗ ಕಲ್ಲಿದ್ದಲು, ಗ್ಯಾಸ್, ಡೀಸೆಲ್ ಅಲ್ಲದ ಮೂಲಗಳದ್ದಾಗಬೇಕು ಎಂಬುದು ಎರಡನೆಯದು. ಮರಗಿಡಗಳ ಮೂಲಕ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಹೆಚ್ಚುವರಿಯಾಗಿ ಹಿಡಿದಿಡುವುದು ಮೂರನೆಯದು. 2022ರ ಆಗಸ್ಟ್‌ನಲ್ಲಿ ಮೊದಲನೆಯದನ್ನು ಶೇ 45ಕ್ಕೆ, ಎರಡನೆಯದನ್ನು ಶೇ 50ಕ್ಕೆ ಏರಿಸಿದರು. ಕಾಡಿನ ಗುರಿ ಇದ್ದ ಹಾಗೆಯೇ ಉಳಿಯಿತು.

ಮೊದಲ ಎರಡನ್ನು ಇನ್ನೊಮ್ಮೆ ಓದಿ. ಎರಡೂ ಅನುಪಾತಗಳು. ಒಟ್ಟು ಎಷ್ಟು ಎಂಬ ಮಾತು ಎಲ್ಲೂ ಇಲ್ಲ. ಬೈಕ್ ಮೈಲೇಜಿನ ಲೆಕ್ಕ ನೋಡಿ. ಲೀಟರಿಗೆ 40 ಕಿಲೋಮೀಟರ್ ಕೊಡುತ್ತಿದ್ದ ಬೈಕ್ ಮಾರಿ 60 ಕೊಡುವುದನ್ನು ತಂದಿರಿ. ಆದರೆ ತಿಂಗಳಿಗೆ 1,000 ಕಿಲೋಮೀಟರ್ ಓಡುತ್ತಿದ್ದವರು 2,000 ಓಡತೊಡಗಿದಿರಿ. ಪೆಟ್ರೋಲ್ 25 ಲೀಟರಿನಿಂದ 33ಕ್ಕೆ ಏರಿತು. ಮೈಲೇಜ್ ಸುಧಾರಿಸಿದ್ದು ಸುಳ್ಳಲ್ಲ, ಪೆಟ್ರೋಲ್ ಖರ್ಚು ಹೆಚ್ಚಿದ್ದೂ ಸುಳ್ಳಲ್ಲ. ದೇಶದ ಕಥೆ ಇದೇ.

ಸರ್ಕಾರವೇ ವಿಶ್ವಸಂಸ್ಥೆಗೆ ಕೊಟ್ಟ ಲೆಕ್ಕ ತೆಗೆಯಿರಿ. ಕಾಡು ಹೀರಿಕೊಂಡಿದ್ದನ್ನು ಕಳೆದ ಮೇಲೂ ನಮ್ಮ ಹೊಗೆ 2010ರಲ್ಲಿ ಸುಮಾರು 188 ಕೋಟಿ ಟನ್ ಇತ್ತು. 2019ಕ್ಕೆ ಸುಮಾರು 265 ಕೋಟಿ ಟನ್ ಆಯಿತು. 2020ರಲ್ಲಿ 244 ಕೋಟಿಗೆ ಇಳಿದದ್ದು ಕೊರೊನಾ ಲಾಕ್‌ಡೌನ್ ಮಹಿಮೆ. ಆದರೂ ಪ್ರತಿ ರೂಪಾಯಿ ಲೆಕ್ಕದ ಹೊಗೆ 2005ರಿಂದ 2020ರೊಳಗೆ ಶೇ 36 ಇಳಿದಿತ್ತು. ಅಂದರೆ 2030ಕ್ಕೆ ಇಟ್ಟ ಹಳೆಯ ಗುರಿಯನ್ನು ಹತ್ತು ವರ್ಷ ಮೊದಲೇ ದಾಟಿಯಾಗಿತ್ತು.

ಇಷ್ಟು ಸಲೀಸಾಗಿ ದಾಟಿದ್ದು ಏನು ಹೇಳುತ್ತದೆ? ಒಂದು ಭಾಗ ನಿಜವಾದ ಕೆಲಸ. ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬ್ ಹಂಚಿದರು, ಬಲ್ಬಿನ ದರವೇ ಬಿದ್ದುಹೋಯಿತು. ಸೋಲಾರ್ ವಿದ್ಯುತ್ತಿಗೆ ಹರಾಜು ಪದ್ಧತಿ ತಂದರು, 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಯೂನಿಟ್ಟಿಗೆ 2 ರೂಪಾಯಿ 44 ಪೈಸೆಗೆ ಬಂತು. ಇವು ಸಣ್ಣ ಸಾಧನೆಗಳಲ್ಲ. ಆದರೆ ಇನ್ನೊಂದು ಭಾಗ, ಗುರಿಯನ್ನೇ ಕೈಗೆಟುಕುವಲ್ಲಿ ಇಟ್ಟಿದ್ದು. ಸಾಫ್ಟ್‌ವೇರ್, ಬ್ಯಾಂಕು, ವ್ಯಾಪಾರ ಇವೆಲ್ಲ ಬೆಳೆದ ಹಾಗೆ ಆದಾಯ ಏರುತ್ತದೆ, ಅದಕ್ಕೆ ತಕ್ಕಷ್ಟು ಹೊಗೆ ಏರುವುದಿಲ್ಲ. ಅನುಪಾತ ತಾನಾಗಿಯೇ ಸ್ವಲ್ಪ ಇಳಿಯುತ್ತದೆ.

ಹಾಗಂತ ಇದನ್ನು ಕಣ್ಕಟ್ಟು ಎಂದು ನಾನು ಹೇಳುವುದಿಲ್ಲ. ಭಾರತೀಯನೊಬ್ಬನ ಪಾಲು ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್, ಅಮೆರಿಕದವನದ್ದು ಅದರ ಏಳು ಪಟ್ಟಿನ ಹತ್ತಿರ. ಇನ್ನೂ ಕರೆಂಟ್ ಬಳಕೆ ಏರಬೇಕಾದ ಮನೆಗಳು ನಮ್ಮಲ್ಲಿ ಕೋಟಿಗಟ್ಟಲೆ ಇರುವಾಗ ಒಟ್ಟು ಹೊಗೆಗೆ ಈಗಲೇ ಮಿತಿ ಹಾಕಿಕೊಳ್ಳಿ ಎನ್ನುವುದು ನ್ಯಾಯವಲ್ಲ. 2024ರಲ್ಲಿ ಬಾಕುವಿನ ಹವಾಮಾನ ಸಮ್ಮೇಳನದಲ್ಲಿ ಶ್ರೀಮಂತ ದೇಶಗಳು ಬಡ ದೇಶಗಳಿಗೆ 2035ರ ಹೊತ್ತಿಗೆ ವರ್ಷಕ್ಕೆ 300 ಶತಕೋಟಿ ಡಾಲರ್ ಒದಗಿಸುವ ಮಾತು ಕೊಟ್ಟಾಗ ಇದು ಸಾಲದು ಎಂದು ಭಾರತ ಅಲ್ಲೇ ಎದ್ದು ಆಕ್ಷೇಪಿಸಿತು. ಸರಿಯಾಗಿಯೇ ಆಕ್ಷೇಪಿಸಿತು. ನನ್ನ ತಕರಾರು ಇರುವುದು "ಗುರಿ ಮುಟ್ಟಿದೆವು" ಎಂಬ ಜಾಹೀರಾತನ್ನು "ಹೊಗೆ ಕಡಿಮೆಯಾಯಿತು" ಎಂದು ಓದುವ ಹಾಗೆ ಬರೆಯುವುದರ ಬಗ್ಗೆ ಮಾತ್ರ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಪ್ರಧಾನಿ ಮೋದಿ ಪಂಚಾಮೃತ ಎಂದು ಐದು ಘೋಷಣೆ ಮಾಡಿದರು. ಅದರಲ್ಲಿ 2030ರೊಳಗೆ 500 ಗಿಗಾವಾಟ್ (ಒಂದು ಗಿಗಾವಾಟ್ ಅಂದರೆ 1,000 ಮೆಗಾವಾಟ್) ಶುದ್ಧ ವಿದ್ಯುತ್ ಸಾಮರ್ಥ್ಯ, ಅಂದಾಜಿಸಿದ ಒಟ್ಟು ಹೊಗೆಯಲ್ಲಿ 100 ಕೋಟಿ ಟನ್ ಕಡಿತ ಎರಡೂ ಇದ್ದವು. 2022ರಲ್ಲಿ ವಿಶ್ವಸಂಸ್ಥೆಗೆ ಕೊಟ್ಟ ಗುರಿಪಟ್ಟಿಯಲ್ಲಿ ಈ ಎರಡು ಅಂಕಿಗಳಿಲ್ಲ. 2070ಕ್ಕೆ ನೆಟ್ ಜೀರೋ ಎಂಬುದು ದೂರದ ಗುರಿ. ಆಗ ಬಿಟ್ಟಷ್ಟು ಹೊಗೆಯನ್ನು ಕಾಡು ಮತ್ತಿತರ ದಾರಿಯಿಂದ ಹಿಂದಕ್ಕೆ ಹೀರಿರಬೇಕು. ವೇದಿಕೆಯ ಮೇಲಿನ ಮಾತಿಗೂ ಬರೆದುಕೊಟ್ಟ ಮಾತಿಗೂ ಇರುವ ಅಂತರ ನಿಮಗೂ ಗೊತ್ತಲ್ಲ.

ಈಗ ಆ "ಅರ್ಧ". 2025ರ ಜೂನ್ ಕೊನೆಗೆ ದೇಶದ ಒಟ್ಟು ಸಾಮರ್ಥ್ಯ ಸುಮಾರು 485 ಗಿಗಾವಾಟ್, ಅದರಲ್ಲಿ 243ರ ಹತ್ತಿರ ಪಳೆಯುಳಿಕೆ ಇಂಧನದ್ದಲ್ಲ. ಇದರೊಳಗೆ ಸೋಲಾರ್, ಗಾಳಿ ಅಷ್ಟೇ ಅಲ್ಲ, ನಮ್ಮ ಕಾಳಿ ನದಿಯ ನಾಗಝರಿ, ಕೊಡಸಳ್ಳಿ, ಕದ್ರಾ ವಿದ್ಯುದಾಗಾರಗಳೂ ಬರುತ್ತವೆ, ಕೈಗಾ ಅಣುಸ್ಥಾವರವೂ ಬರುತ್ತದೆ. ಆದರೆ ಸಾಮರ್ಥ್ಯ ಅಂದರೆ ಯಂತ್ರ ಪೂರ್ತಿ ಓಡಿದರೆ ಎಷ್ಟು ಕೊಡಬಲ್ಲದು ಎಂಬುದು. ಕೊಟ್ಟದ್ದೆಷ್ಟು ಎಂಬುದು ಬೇರೆ ಲೆಕ್ಕ.

ಪಕ್ಕದಲ್ಲೇ ಉದಾಹರಣೆ ಇದೆ. ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕ, ಒಟ್ಟು 880 ಮೆಗಾವಾಟ್. ತುಮಕೂರು ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕ್ 2,050 ಮೆಗಾವಾಟ್. ಕಾಗದದ ಮೇಲೆ ಪಾವಗಡ ಎರಡು ಪಟ್ಟಿಗಿಂತ ದೊಡ್ಡದು. ಆದರೆ ಕೈಗಾ ಹಗಲೂ ರಾತ್ರಿ ಓಡುತ್ತದೆ. ಅದರ ಮೊದಲ ಘಟಕ 2018ರ ಕೊನೆಯವರೆಗೆ ಒಂದೇ ಸಮನೆ 962 ದಿನ ನಿಲ್ಲದೆ ಓಡಿ ಆಗ ವಿಶ್ವದಾಖಲೆ ಮಾಡಿತ್ತು. ವರ್ಷದಲ್ಲಿ ಸಾಮರ್ಥ್ಯದ ಶೇ 85ರಷ್ಟು ಓಡಿತು ಎಂದು ಹಿಡಿದರೂ ಕೈಗಾದಿಂದ ಸುಮಾರು 650 ಕೋಟಿ ಯೂನಿಟ್ ಬರುತ್ತದೆ. ಸೋಲಾರಿಗೆ ರಾತ್ರಿ ಇಲ್ಲ, ಮೋಡವಿದ್ದರೂ ಕಷ್ಟ. ಶೇ 20 ಹಿಡಿಯೋಣ. ಪಾವಗಡದಿಂದ ಸುಮಾರು 360 ಕೋಟಿ ಯೂನಿಟ್. ಸಾಮರ್ಥ್ಯದ ಪಟ್ಟಿಯಲ್ಲಿ ಚಿಕ್ಕದಾಗಿ ಕಾಣುವುದು ಯೂನಿಟ್ಟಿನ ಪಟ್ಟಿಯಲ್ಲಿ ದೊಡ್ಡದಾಯಿತು, ಅಲ್ವಾ?

ದೇಶಕ್ಕೆಲ್ಲ ಇದೇ ಲೆಕ್ಕ. ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದ ಕಲ್ಲಿದ್ದಲು ನಾವು ಉರಿಸುವ ಯೂನಿಟ್ಟಿನಲ್ಲಿ ಈಗಲೂ ಮುಕ್ಕಾಲು ಪಾಲಿನ ಹತ್ತಿರ ಇದೆ. 2024ರ ಮೇ ಕೊನೆಯಲ್ಲಿ ದೇಶದ ಬೇಡಿಕೆ 250 ಗಿಗಾವಾಟ್ ಮುಟ್ಟಿತು. 2024–25ರಲ್ಲಿ ಕಲ್ಲಿದ್ದಲು ಉತ್ಪಾದನೆ 100 ಕೋಟಿ ಟನ್ ದಾಟಿತು. 2032ರೊಳಗೆ ಇನ್ನೂ 80 ಗಿಗಾವಾಟಿಗಿಂತ ಹೆಚ್ಚು ಕಲ್ಲಿದ್ದಲು ಸ್ಥಾವರ ಸೇರಿಸುವ ಯೋಜನೆಯೂ ಇದೆ. ನೀವು ಓದಿದ ಎರಡು ಸುದ್ದಿಗಳ ನಡುವೆ ಜಗಳವೇ ಇಲ್ಲ.

ಮನೆ ಮೇಲಿನ ಸೋಲಾರ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. 2024ರ ಫೆಬ್ರುವರಿಯಲ್ಲಿ ಶುರುವಾದ ಸೂರ್ಯಘರ್ ಯೋಜನೆಯ ಗುರಿ ಒಂದು ಕೋಟಿ ಮನೆ, 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ. ಇತ್ತ ರಾಜ್ಯದ ಗೃಹಜ್ಯೋತಿಯಲ್ಲಿ 200 ಯೂನಿಟ್ಟಿನೊಳಗೆ ಬಳಸುವ ಹೆಚ್ಚಿನ ಮನೆಗಳಿಗೆ ಬಿಲ್ಲೇ ಇಲ್ಲ. ಬಿಲ್ ಸೊನ್ನೆ ಬರುವ ಮನೆಯವರು ಯಾಕೆ ಕೈಯಿಂದ ದುಡ್ಡು ಹಾಕಿ ಪ್ಯಾನೆಲ್ ಕೂರಿಸುತ್ತಾರೆ? ಎರಡೂ ಜನಕ್ಕೆ ಒಳ್ಳೆಯದೇ, ಆದರೆ ಒಂದರ ಕಾಲನ್ನು ಇನ್ನೊಂದು ಎಳೆಯುತ್ತದೆ.

ಕಾಡಿನ ಪ್ರಶ್ನೆಗೆ ಬರೋಣ. ಹೌದು, ನಮ್ಮ ಕಾಡು ದೇಶದ ಲೆಕ್ಕಕ್ಕೆ ಬರುತ್ತದೆ. ಜಿಲ್ಲೆಯ ಮುಕ್ಕಾಲು ಭಾಗದಷ್ಟು ಹಸಿರಿರುವಾಗ ಬರದೆ ಹೇಗಿದ್ದೀತು? 2020ರಲ್ಲಿ ದೇಶದ ಕಾಡು ಮತ್ತು ಭೂಮಿ ಸೇರಿ ಸುಮಾರು 52 ಕೋಟಿ ಟನ್ ಹೀರಿಕೊಂಡವು ಎಂದು ಸರ್ಕಾರ ಲೆಕ್ಕ ಕೊಟ್ಟಿದೆ. 2005ರ ನಂತರದ ಹೆಚ್ಚುವರಿ ಸಂಗ್ರಹ 2021ಕ್ಕೆ 229 ಕೋಟಿ ಟನ್. 250ರ ಗುರಿ ಹತ್ತಿರವೇ ಬಂತು.

ಆದರೆ ಎಣಿಸುವ ರೀತಿ ನೋಡಿ. ಭಾರತೀಯ ಅರಣ್ಯ ಸರ್ವೇಕ್ಷಣೆಯವರು ಉಪಗ್ರಹದ ಚಿತ್ರ ಇಟ್ಟುಕೊಂಡು ಲೆಕ್ಕ ಹಾಕುತ್ತಾರೆ. ಒಂದು ಹೆಕ್ಟೇರಿಗಿಂತ ದೊಡ್ಡ ಜಾಗ, ಅದರ ಶೇ 10ಕ್ಕಿಂತ ಹೆಚ್ಚು ಭಾಗಕ್ಕೆ ಮರದ ನೆರಳಿದ್ದರೆ ಅದು "ಅರಣ್ಯ ಹೊದಿಕೆ". ಮಾಲೀಕರು ಯಾರು, ಏನು ಬೆಳೆದಿದ್ದಾರೆ ಎಂಬುದು ಈ ಲೆಕ್ಕಕ್ಕೆ ಬೇಡ. ಹೀಗಾಗಿ ಸಾಲು ಸಾಲಾಗಿ ಹಬ್ಬಿದ ನಿಮ್ಮ ಕಣಿವೆಯ ಅಡಿಕೆ ತೋಟಗಳೂ ಅರಣ್ಯ ಹೊದಿಕೆಯೊಳಗೆ ಸೇರಬಹುದು. ಅಂಕೋಲೆಯ ಬೋಳುಗುಡ್ಡದ ಮೇಲಿನ ಅಕೇಶಿಯಾ ನೆಡುತೋಪೂ ಹಸಿರು, ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯೂ (ರಾಮಪತ್ರೆ ಮರಗಳ ಜೌಗು ಕಾಡು) ಹಸಿರು. ದಟ್ಟ, ಮಧ್ಯಮ, ತೆಳು ಎಂಬ ವರ್ಗ ಮಾಡುತ್ತಾರೆ, ಸುಮ್ನೆ ಒಂದೇ ಬಣ್ಣ ಬಳಿಯುವುದಿಲ್ಲ, ಅದು ನಿಜ. ಆದರೂ ವರ್ಷವಿಡೀ ನೀರು ನಿಂತ ಆ ಜಡ್ಡಿಯ ಕೆಸರಿನಲ್ಲಿ ಶತಮಾನಗಳಿಂದ ಕೂತ ಇಂಗಾಲ, ಅಲ್ಲಿಂದ ಬೇಸಿಗೆಯಲ್ಲಿ ಹೊರಡುವ ಅಬ್ಬಿ ನೀರು, ಇವು ಮೇಲಿನಿಂದ ತೆಗೆದ ಚಿತ್ರದಲ್ಲಿ ಕಾಣುವುದಿಲ್ಲ.

ಇದರ ಪರಿಣಾಮ ಏನು ಗೊತ್ತಾ? ಘಟ್ಟದಲ್ಲಿ ಹಳೆಯ ಕಾಡು ಹೋಗಿ, ಇನ್ನೆಲ್ಲೋ ಬಯಲಿನಲ್ಲಿ ಪರಿಹಾರ ಅರಣ್ಯೀಕರಣ ಎಂದು ಸಸಿ ನೆಟ್ಟರೆ ದೇಶದ ಹೊದಿಕೆಯ ಅಂಕಿ ಅಷ್ಟಾಗಿ ಅಲುಗಾಡುವುದಿಲ್ಲ. ಟನ್ನಿನ ಲೆಕ್ಕ ತೂಗಿದರೂ ಕಾಡಿನ ಲೆಕ್ಕ ತೂಗುವುದಿಲ್ಲ. ಹವಾಮಾನ ಗುರಿಯೇ ಕಾಡನ್ನು ಕಾಪಾಡುತ್ತದೆ ಎಂದು ನಂಬಿ ಕೂತರೆ ನಮಗೇ ನಷ್ಟ. ಶಿರಸಿ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. 1983ರಲ್ಲಿ ಸಲಕಣಿ ಬದಿಯವರು ಅಪ್ಪಿಕೊ ಚಳವಳಿಯಲ್ಲಿ ಮರ ತಬ್ಬಿ ನಿಂತಾಗ ಕಾರ್ಬನ್ ಎಂಬ ಮಾತು ಯಾರ ಬಾಯಲ್ಲೂ ಇರಲಿಲ್ಲ.

ಶರಾವತಿಯ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಸೋಲಾರ್ ಮಧ್ಯಾಹ್ನ ಬೇಕಾದ್ದಕ್ಕಿಂತ ಜಾಸ್ತಿ ಬರುತ್ತದೆ, ಸಂಜೆ ಏಳಕ್ಕೆ ಎಲ್ಲರ ಮನೆಯಲ್ಲೂ ದೀಪ, ಟಿವಿ, ಫ್ಯಾನ್ ಹಾಕುವ ಹೊತ್ತಿಗೆ ಇರುವುದಿಲ್ಲ. ಮಧ್ಯಾಹ್ನದ್ದನ್ನು ಸಂಜೆಗೆ ಇಟ್ಟುಕೊಳ್ಳಬೇಕು. ಇದು ಸುಳ್ಳು ಅಗತ್ಯವಲ್ಲ. ಇದಿಲ್ಲದೆ ಸಂಜೆಯ ಕಲ್ಲಿದ್ದಲನ್ನು ಬಿಡಿಸಲು ಆಗುವುದಿಲ್ಲ. ಕರ್ನಾಟಕ ವಿದ್ಯುತ್ ನಿಗಮದ 2,000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಈ ಕೆಲಸಕ್ಕೆ. ಅಗ್ಗದ ಕರೆಂಟ್ ಇರುವಾಗ ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಪಂಪ್ ಮಾಡುವುದು, ಬೇಡಿಕೆ ಏರಿದಾಗ ಅದೇ ನೀರನ್ನು ಕೆಳಗೆ ಬಿಟ್ಟು ಕರೆಂಟ್ ತೆಗೆಯುವುದು. ಇದರಿಂದ ಹೊಸ ವಿದ್ಯುತ್ ಹುಟ್ಟುವುದಿಲ್ಲ. ಇಂಥ ಯೋಜನೆಗಳಲ್ಲಿ 100 ಯೂನಿಟ್ ಹಾಕಿದರೆ 75ರಿಂದ 80 ವಾಪಸ್ ಬರುತ್ತದೆ.

ಪರವಾಗಿ ಹೇಳುವವರಿಗೂ ಬಲವಾದ ಮಾತಿದೆ. ಎರಡೂ ಜಲಾಶಯ ಈಗಾಗಲೇ ಇವೆ, ಹೊಸ ಅಣೆಕಟ್ಟು ಬೇಡ, ಹೊಸದಾಗಿ ದೊಡ್ಡ ಮುಳುಗಡೆ ಇಲ್ಲ. ಒಮ್ಮೆ ಕಟ್ಟಿದರೆ ಹಲವು ದಶಕ ನಡೆಯುತ್ತದೆ. ಬ್ಯಾಟರಿ ಅಷ್ಟು ಬಾಳುವುದಿಲ್ಲ, 12–15 ವರ್ಷಕ್ಕೆ ಬದಲಿಸಬೇಕು. ಆದರೆ ನಡುವಿನ ಗುಡ್ಡ ಸಿಂಗಳೀಕ ಅಭಯಾರಣ್ಯದ್ದು. ಸುರಂಗ, ರಸ್ತೆ, ಮಣ್ಣು ಸುರಿಯುವ ಜಾಗ, ವಿದ್ಯುತ್ ತಂತಿಯ ದಾರಿ ಎಲ್ಲವೂ ಅದೇ ಇಳಿಜಾರಿನ ಮೇಲೆ ಬೀಳುತ್ತವೆ. ಘಟ್ಟದ ಮಣ್ಣು ಸಡಿಲವಾದರೆ ಏನಾಗುತ್ತದೆ ಎಂದು 2009ರಲ್ಲಿ ಕಾರವಾರದ ಕಡವಾಡದ ಬದಿ, 2021ರಲ್ಲಿ ಯಲ್ಲಾಪುರದ ಕಳಚೆಯಲ್ಲಿ, 2024ರ ಜುಲೈ 16ರಂದು ಶಿರೂರಿನ ಹೆದ್ದಾರಿಯಲ್ಲಿ ಗುಡ್ಡ ಕುಸಿದಾಗ ನೋಡಿದ್ದೇವೆ. ಮೂರಕ್ಕೂ ಕಾರಣ ಒಂದೇ ಅಲ್ಲ. ಮೂರರಲ್ಲೂ ಇದ್ದದ್ದು ಭಾರೀ ಮಳೆ ಮತ್ತು ಸಡಿಲ ಇಳಿಜಾರು. ಬಿಸಿಯಾದ ಗಾಳಿ ಹೆಚ್ಚು ತೇವ ಹಿಡಿಯುತ್ತದೆ, ಒಂದೇ ದಿನಕ್ಕೆ ಸುರಿಯುವ ಮಳೆಯ ಭಯ ಮುಂದೆ ಹೆಚ್ಚುತ್ತದೆ. ಹವಾಮಾನದ ಹೆಸರಿನಲ್ಲಿ ಗುಡ್ಡ ಕೊರೆಯುವಾಗ ಅದೇ ಹವಾಮಾನವನ್ನು ಲೆಕ್ಕಕ್ಕೆ ಹಿಡಿಯಬೇಕಲ್ಲವೇ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ವಿದ್ಯುತ್ ಸಂಗ್ರಹ ಬೇಕೇ ಬೇಕು, ಆದರೆ ಅದು ಇದೇ ಗುಡ್ಡದಲ್ಲಿ ಆಗಬೇಕು ಎಂದು ಯಾವ ಗುರಿಯೂ ಹೇಳಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ಹಾಕಿದ ಲೆಕ್ಕದಲ್ಲೇ 2031–32ರ ಹೊತ್ತಿಗೆ ಸುಮಾರು 27 ಗಿಗಾವಾಟ್ ಪಂಪ್ಡ್ ಸ್ಟೋರೇಜ್, 47 ಗಿಗಾವಾಟ್ ಬ್ಯಾಟರಿ ಬೇಕು ಎಂದಿದೆ. ಬ್ಯಾಟರಿಯ ಪಾಲೇ ಜಾಸ್ತಿ. ಅದರ ದರವೂ ಆಮೇಲೆ ಇಳಿದಿದೆ. ಬ್ಯಾಟರಿಯನ್ನು ಪಾವಗಡದಂಥ ಬಯಲಿನಲ್ಲಿ ಸಬ್‌ಸ್ಟೇಷನ್ ಪಕ್ಕವೇ ಇಡಬಹುದು, ಸಿಂಗಳೀಕವನ್ನು ಒಕ್ಕಲೆಬ್ಬಿಸಬೇಕಿಲ್ಲ. ಪಂಪ್ಡ್ ಸ್ಟೋರೇಜೇ ಬೇಕೆಂದರೂ ಕಾಡಿಲ್ಲದ ಗುಡ್ಡಗಳು ದೇಶದಲ್ಲಿ ಬೇಕಾದಷ್ಟಿವೆ.

ಇಂಥದ್ದೇ ಪ್ರಶ್ನೆ ಅಘನಾಶಿನಿ ನದಿ ಸಮುದ್ರ ಸೇರುವ ತದಡಿಯಲ್ಲೂ ಬಂದಿತ್ತು. ಅಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರದ ಪ್ರಸ್ತಾಪವಿತ್ತು, ಜನ ಬೇಡವೆಂದರು, ಅದು ಬಿದ್ದುಹೋಯಿತು. ಬಂದಿದ್ದರೆ ನನ್ನ ಅಂದಾಜಿನಲ್ಲಿ ವರ್ಷಕ್ಕೆ ಎರಡು ಕೋಟಿ ಟನ್ನಿಗಿಂತ ಹೆಚ್ಚು ಹೊಗೆ ಬಿಡುತ್ತಿತ್ತು. ಆ ಕರೆಂಟ್ ಬೇರೆಲ್ಲೋ ಕಲ್ಲಿದ್ದಲಿನಿಂದಲೇ ಬಂದಿರಲೂಬಹುದು, ಹಾಗಾಗಿ ಪೂರ್ತಿ ಉಳಿತಾಯ ಎಂದು ಬರೆದುಕೊಳ್ಳುವುದಿಲ್ಲ. ಆದರೆ ಉಳಿದದ್ದೇನು ನೋಡಿ. ಅಘನಾಶಿನಿಯ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣವಾಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, 4,801 ಹೆಕ್ಟೇರ್. ಅಲ್ಲಿ ಚಿಪ್ಪಿಕಲ್ಲು ಹೆಕ್ಕುವವರಿದ್ದಾರೆ, ಗಜನಿ ಗದ್ದೆಯಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವವರಿದ್ದಾರೆ, ಸಾಣಿಕಟ್ಟೆಯ ಉಪ್ಪಿನ ಆಗರವಿದೆ. ಅಲೆಗೆ ಅಡ್ಡ ನಿಲ್ಲುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿದೆ. ಇಂಥ ಕಾಂಡ್ಲಾ ಬೆಳೆಸಲೆಂದೇ ಕೇಂದ್ರ 2023ರಲ್ಲಿ ಮಿಷ್ಟಿ ಯೋಜನೆ ತಂದಿತು, ಐದು ವರ್ಷಕ್ಕೆ ಸುಮಾರು 540 ಚದರ ಕಿಲೋಮೀಟರ್ ಗುರಿ. ಒಳ್ಳೆಯ ಯೋಜನೆ. ಆದರೆ ಅದೇ ಕೇಂದ್ರದ 2019ರ ಕರಾವಳಿ ನಿಯಮ ಜನದಟ್ಟಣೆಯ ಹಳ್ಳಿಗಳಲ್ಲಿ ಕಟ್ಟಡ ನಿಷೇಧದ ವಲಯ ಉಬ್ಬರದ ರೇಖೆಯಿಂದ 200 ಮೀಟರ್ ಇದ್ದದ್ದನ್ನು 50ಕ್ಕೆ ಇಳಿಸಿತು.

ಕೊನೆಗೆ ನಿಮ್ಮ ಕರಾರು ಪತ್ರ. ಒಂದು ಕ್ರೆಡಿಟ್ ಅಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡ್ ಕಡಿಮೆ ಮಾಡಿದ್ದಕ್ಕೋ ಹೀರಿದ್ದಕ್ಕೋ ಸಿಗುವ ಪ್ರಮಾಣಪತ್ರ. ದೇಶದಲ್ಲಿ ಇದರ ಮಾರುಕಟ್ಟೆಗೆ 2023ರಲ್ಲಿ ಕೇಂದ್ರ ನಿಯಮ ತಂದಿದೆ. ಸಿಮೆಂಟ್, ಅಲ್ಯೂಮಿನಿಯಂ, ಕಾಗದದಂಥ ಉದ್ಯಮಗಳಿಗೆ 2025ರ ಅಕ್ಟೋಬರ್‌ನಲ್ಲಿ ಪ್ರತಿ ಟನ್ ಉತ್ಪನ್ನಕ್ಕೆ ಬಿಡಬಹುದಾದ ಹೊಗೆಯ ಮಿತಿಯನ್ನೂ ಗೊತ್ತುಮಾಡಿದರು. ಮಿತಿ ಮೀರಿದ ಕಾರ್ಖಾನೆ ಕ್ರೆಡಿಟ್ ಕೊಳ್ಳಬೇಕು. ಮಾರುಕಟ್ಟೆ ಬೆಳೆದ ಹಾಗೆ ಕ್ರೆಡಿಟ್ ಹುಡುಕಿ ಹಳ್ಳಿಗೆ ಬರುವವರು ಇನ್ನೂ ಹೆಚ್ಚಬಹುದು.

ಆದರೆ ಸೊಪ್ಪಿನ ಬೆಟ್ಟಕ್ಕೆ ಎರಡು ತೊಡಕಿದೆ. ಮೊದಲನೆಯದು, ಕ್ರೆಡಿಟ್ ಸಿಗುವುದು ಹೊಸದಾಗಿ ಹೀರಿದ್ದಕ್ಕೆ ಅಥವಾ ಹೊಸದಾಗಿ ಕಡಿಮೆ ಮಾಡಿದ್ದಕ್ಕೆ. ಅಜ್ಜನ ಕಾಲದಿಂದ ಇದ್ದ ಮರಕ್ಕೆ, ಅದು ಎಷ್ಟೇ ದೊಡ್ಡದಿರಲಿ, ಸುಮ್ನೆ ಇದೆ ಎಂಬ ಕಾರಣಕ್ಕೆ ಸಿಗುವುದಿಲ್ಲ. ಚೆನ್ನಾಗಿ ಕಾಪಾಡಿದವರಿಗೆ ಏನೂ ಇಲ್ಲ, ಹಿಂದೆಂದೋ ಬೋಳಾದ ಜಾಗದಲ್ಲಿ ಹೊಸದಾಗಿ ನೆಟ್ಟವರಿಗೆ ಸಿಗಬಹುದು. ಅನ್ಯಾಯವೇ ಸರಿ, ಆದರೆ ಈ ಲೆಕ್ಕ ಹೀಗೇ ನಡೆಯುವುದು. ಎರಡನೆಯದು, ಬೆಟ್ಟದಲ್ಲಿ ನಿಮಗಿರುವುದು ಸೊಪ್ಪು, ದರಕು (ಒಣ ಎಲೆ) ತರುವ ಹಕ್ಕು. ಜಮೀನು ಸರ್ಕಾರದ್ದು. ಅಲ್ಲಿನ ಇಂಗಾಲವನ್ನು ಮಾರುವ ಹಕ್ಕು ನಿಮಗಿದೆ ಎಂದು ಎಲ್ಲಿ ಬರೆದಿದೆ ಎಂದು ಕರಾರು ತಂದವರನ್ನೇ ಕೇಳಿ.

ಸ್ವಂತದ, ಮಾಲ್ಕಿ ಜಮೀನಿನಲ್ಲಿ ಹೊಸದಾಗಿ ಮರ ಬೆಳೆಸಿದರೆ ದಾರಿ ಇದೆ. ಆದರೆ ಎಕರೆಗೆ ವರ್ಷಕ್ಕೆ ಸಿಗುವುದು ಕೆಲವೇ ಟನ್. ಅಳತೆ, ತಪಾಸಣೆಯ ಖರ್ಚು ಒಬ್ಬ ರೈತನಿಗೆ ಹೊರಲಾಗದ್ದು, ನೂರಾರು ಜನ ಸೇರಿದರೆ ಮಾತ್ರ ಏನಾದರೂ ಉಳಿದೀತು. ಸಹಕಾರಿ ಸಂಘದ ಮೂಲಕ ಹೋದರೆ ಒಳ್ಳೆಯದು. ಕ್ರೆಡಿಟ್‌ಗಿಂತ ಖಾತರಿಯಾದದ್ದು ನಿಮ್ಮ ಕೊಟ್ಟಿಗೆ ಹಿಂದೆಯೇ ಇರಬಹುದು. ಶಿರಸಿ ಸೀಮೆ ಗೋಬರ್ ಗ್ಯಾಸಿಗೆ ಮೊದಲಿನಿಂದ ಹೆಸರಾದದ್ದು. ಮುಚ್ಚಿಟ್ಟ ಹಳೆಯ ಗುಂಡಿ ಇದ್ದರೆ ಅದನ್ನು ರಿಪೇರಿ ಮಾಡಿಸಿ. ಸಿಲಿಂಡರ್ ಖರ್ಚೂ ಉಳಿಯುತ್ತದೆ, ತೋಟಕ್ಕೆ ಸ್ಲರಿಯೂ ಸಿಗುತ್ತದೆ.

ಆ ಪತ್ರಕ್ಕೆ ಈಗ ಸಹಿ ಹಾಕಬೇಡಿ. ಬೆಟ್ಟದ ಪಹಣಿ ತೆಗೆಸಿ 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. ಕರಾರು ಎಷ್ಟು ವರ್ಷದ್ದು, ಇಂಥವು 20ರಿಂದ 40 ವರ್ಷದವರೆಗೂ ಇರುತ್ತವೆ, ಆ ಅವಧಿಯಲ್ಲಿ ಸೊಪ್ಪು ಕೊಯ್ಯಲು, ಟೊಂಗೆ ಸವರಲು ಬಿಡುತ್ತಾರಾ, ಮಧ್ಯೆ ಬಿಟ್ಟರೆ ದಂಡ ಎಷ್ಟು, ಬಂದ ಹಣದಲ್ಲಿ ನಿಮ್ಮ ಪಾಲೆಷ್ಟು, ಇವಿಷ್ಟನ್ನು ಕನ್ನಡದಲ್ಲಿ ಬರೆದುಕೊಡಲು ಹೇಳಿ. ಬರೆದುಕೊಟ್ಟರೆ ಅದನ್ನು ಒಬ್ಬ ವಕೀಲರಿಗೂ ವಲಯ ಅರಣ್ಯಾಧಿಕಾರಿಗೂ ತೋರಿಸಿ.